ಉಸಿರು ಎಳಕೊಂಡಾಕಿ

ಭಾಗ್ಯನಗರದಾಗ ನಮ್ಮ ಕೆಲಸ ಕೂದಲ ಬಿಡಸೂದು.
ಗುಡಿಯ ಮುಡಿ ಬ್ಯಾರೆ ಬರತೈತಿ, ನಮ್ಮ ಪಾಲಿಗೆ ಉದುರು:
ಪಿನ್ನಿಗೆ, ಪ್ಲಾಸ್ಟಿಕ್ ಪುಟ್ಟಿಗೆ ಮಾರಿದ್ದು,
ಯಾವ್ಯಾವ ಊರಿನ ಓಣಿಯಿಂದ ಉಂಡಿ ಉಂಡಿ.
ನಾನು, ಮರ್ದಾನಬಿ, ಗಂಟು ಬಿಡಸತೀವಿ.
ಹತ್ತಿಂಚು, ಹನ್ನೆರಡು, ಹದಿನಾಲ್ಕು,
ಬಿಳೇದು ಬ್ಯಾರೆ.

ಹಾಡು ಸಿಕ್ಕದ್ದು ಯಾರದೋ ಸ್ಟೇಟಸ್‌ನಾಗ,
ಮೂವತ್ತು ಸೆಕೆಂಡು.
ಭಾಷಿ ಗೊತ್ತಿಲ್ಲ. ಕರೀ ಹೆಣಮಗಳು,
ಗಂಟಲಾಗ ಸಣ್ಣ ಉಸುಕಿನ ಸಪ್ಪಳ,
ಸೊಂಟದ ತನಕ ಕೂದಲ.
"ಇಪ್ಪತ್ತೆಂಟಿಂಚು, ನಂಬರ್ ಒನ್ ಮಾಲು" ಅಂದಳು ಮರ್ದಾನಬಿ,
ಹಾಡು ಕೇಳೂ ಮೊದಲ.

ಪೂರಾ ಹುಡುಕಿ ಕೊಡೋ ಅಂತ
ಅಕ್ಕನ ಮಗ ಗವಿಸಿದ್ದಗ ಗಂಟು ಬಿದ್ದೆ.
ಹುಡುಕಿದ. ಸಿಕ್ಕಿತು. ಚಿತ್ರ ಐತಿ, ಹೆಸರು ಐತಿ,
ನಾಕು ನಿಮಿಷ ಹನ್ನೊಂದು ಸೆಕೆಂಡು ಅಂತ ಬರದೈತಿ,
ಒತ್ತಿದರ ಬೂದಿ ಬಣ್ಣ.
ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಪ್ರದೇಶ ಅಂದರ ಯಾವುದೋ ತಮ್ಮಾ?
ಗವಿಮಠದ ಆಚಿಗೆ ಹೋದರ ಬರತೈತೇನು?
ಹೊಸಪೇಟಿಗೆ? ಗದಗಿಗೆ?
"ಚಿಗವ್ವಾ, ಇಡೀ ದೇಶಕ್ಕ ಇಲ್ಲ."
ರೊಕ್ಕ ಕೊಡತೀನಂತ ಹೇಳು.
"ರೊಕ್ಕಾನೂ ತಗೊಳೂದಿಲ್ಲ."
ರೊಕ್ಕ ಬ್ಯಾಡ ಅನ್ನೂ ಅಂಗಡಿ ನಾ ಅವತ್ತ ಮೊದಲ ಕಂಡದ್ದು.

ಶನಿವಾರ ರಟ್ಟಿನ ಡಬ್ಬಿಗೆ ಟೇಪು ಹಚ್ಚೂ ಪಾಳಿ ನಂದು.
ಮ್ಯಾಲಿನ ವಿಳಾಸ ಗವಿಸಿದ್ದ ಓದಿದ.
ಅದ ದೇಶ. ಹಾಡು ಇರೂ ದೇಶ.
ಕೂದಲ ಹೋಗಾಕ ಹಡಗ ಐತಿ, ಸೀಲು ಐತಿ,
ಯಾರ ನೆತ್ತೀದಂತ ಒಬ್ಬರೂ ಕೇಳೂದಿಲ್ಲ.
ಉಳದ ಮೂರು ನಿಮಿಷ ನಲವತ್ತೊಂದು ಸೆಕೆಂಡು
ಅಲ್ಲಿಂದ ಬರಾಕ ದಾರಿ ಇಲ್ಲ.

ಅಡ್ಡದಾರಿ ಒಂದೈತಿ ಅಂದ ಹುಡುಗ,
ನಾವು ಬ್ಯಾರೆ ಕಡೆ ಅದೀವಂತ ಫೋನಿಗೆ ಸುಳ್ಳ ಹೇಳೂದು.
ಹೇಳಿದ. ಚಕ್ರ ಸುತ್ತಿತು, ಸುತ್ತಿತು,
ನನ್ನ ನೆಟ್ಟು ಖಾಲಿ ಆತು.
"ನಮ್ಮ ಮುಖಕ್ಕ ಸುಳ್ಳೂ ಒಪ್ಪೂದಿಲ್ಲ ಬಿಡು"
ಅಂದಳು ಮರ್ದಾನಬಿ, ಎಲಿ ಅಡಕಿ ಅಗಿಯೂತ.

ಈಗ ಆ ಮೂವತ್ತು ಸೆಕೆಂಡು ಬಾಯಿಪಾಠ.
ಯಾವ ಅಕ್ಷರಕ್ಕ ಕಣ್ಣು ಮುಚ್ಚತಾಳ,
ಎಲ್ಲಿ ಕೂದಲ ಹಿಂದಕ ಸರಸತಾಳ.
ಕಡೀಕ ಬಾಯಿ ತೆರದು ಉಸಿರು ಒಳಗ ಎಳಕೊಂತಾಳ,
ಅಲ್ಲೇ ಕತ್ತರಿ.

ಉಂಡಿ ಬಿಡಸೂತ ಒಮ್ಮೊಮ್ಮೆ
ನಾನೂ ಉಸಿರು ಹಿಡದಿರತೀನಿ, ಗೊತ್ತಾಗೂದಿಲ್ಲ.
ಮರ್ದಾನಬಿ ಮೊಣಕೈಲೆ ತಿವಿತಾಳ.
ಬಿಡತೀನಿ.
ಆಕಿ ಇನ್ನೂ ಬಿಟ್ಟಿಲ್ಲ.