ಕೊನೆಯ ಸಾಲು

ಡ್ಯಾನ್ಯೂಬ್ ದಂಡೆಯ ಡೊಲ್ನಿ ಬ್ರೋಡಿನಲ್ಲಿ
ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು ನಾನು.
ಎಲ್ಲವನ್ನೂ ತಿರುಗುಮುರುಗಾಗಿಯೇ ಓದಿ ಅಭ್ಯಾಸ:
ಮದುವೆಯ ಕಾಗದ, ಬಾಗಿಲಿಗೆ ಅಂಟಿಸುವ ಸಾವಿನ ಕಾಗದ,
ವೆಲಿಜಾರನ ಭಾಷಣ.

ಒಂದು ಚಳಿಗಾಲ ರಾದೊಯ್ ಕತೆ ತಂದುಕೊಟ್ಟ,
ಕೋಟಿನ ಒಳಜೇಬಿನಿಂದ, ಬೆವರಿಗೆ ಮೆತ್ತಗಾದ ಹನ್ನೆರಡು ಹಾಳೆ.
"ಇದು ಕತೆ, ಅಷ್ಟೆ," ಎಂದ.
ಎರಡು ಸಲ ಎಂದ.

ಕತೆಯಲ್ಲಿ ಒಂದು ಊರು. ಊರಿಗೆ ನೆರೆ.
ನೆರೆಯ ರಾತ್ರಿ ಯಾವನೋ ಒಬ್ಬ ಹಗ್ಗ ತಂದ,
ಏಳು ಜನರನ್ನು ಎಳೆದು ದಡ ಸೇರಿಸಿದ,
ಸಿಗದೆ ಹೋದ ಎಂಟನೆಯ ಮಗುವಿಗಾಗಿ ಅತ್ತ, ನಿಜವಾಗಿಯೂ.
ಆ ಪದಕ್ಕೆ ರಾದೊಯ್ ಅಡಿಗೆರೆ ಎಳೆದಿದ್ದ.
ಮರುವರ್ಷ ಹಗ್ಗ ಅವನ ಮನೆಯಲ್ಲೇ ಇತ್ತು,
ಜೋಪಾನಕ್ಕೆ.
ಅದರ ಮರುವರ್ಷ, ಹಗ್ಗ ಹಿಡಿಯುವ ಮೊದಲು
ಟೊಪ್ಪಿಗೆ ತೆಗೆಯಬೇಕಿತ್ತು.
ನಾಲ್ಕನೆಯ ವರ್ಷ ಹೊಳೆ ಉಕ್ಕಲಿಲ್ಲ.
ಹೊಳೆ ಉಕ್ಕದ ಊರಲ್ಲಿ ಹಗ್ಗಕ್ಕೇನು ಕಿಮ್ಮತ್ತು?
ಅಮಾವಾಸ್ಯೆಯ ಕತ್ತಲಲ್ಲಿ ಒಡ್ಡನ್ನು ಒಂದು ಗೇಣು ಅಗೆದ.
ಕಂಡವರಿದ್ದರು. ಕಂಡವರ ಹಿತ್ತಲಲ್ಲೆಲ್ಲ
ಆ ಹಗ್ಗದ್ದೇ ಒಂದೊಂದು ಮಾರು,
ಹಸು ಕಟ್ಟಲು, ಬಟ್ಟೆ ಒಣಹಾಕಲು.

ನಮ್ಮಲ್ಲಿ ಹಗ್ಗ ಇರಲಿಲ್ಲ. ಕಲ್ಲಿದ್ದಲು ಇತ್ತು.
ಗೋದಾಮಿನ ಬೀಗದ ಕೈ ವೆಲಿಜಾರನ ಸೊಂಟದಲ್ಲಿ.
ಕಲ್ಲಿದ್ದಲಿನ ದೋಣಿ ಪ್ರತಿ ನವೆಂಬರಿನಲ್ಲೇ ಯಾಕೆ
ಮಂಜಿನಲ್ಲಿ ದಾರಿ ತಪ್ಪುತ್ತದೆ ಎಂದು ಕೇಳಿದ
ತ್ಸೋಲೊ ಮಾಸ್ತರರ ಚಿಮಣಿಯ ಮೇಲೆ
ಆ ಚಳಿಗಾಲವಿಡೀ ಕಾಗೆ ಕೂತಿತ್ತು.
ನಮ್ಮ ಕೊಟ್ಟಿಗೆಯಲ್ಲಿ ಆರು ಮೂಟೆ.
ಐದಕ್ಕೆ ಚೀಟಿ ಇತ್ತು.

ಕರಡು ವೆಲಿಜಾರನ ಮೇಜಿಗೆ ಹೋಯಿತು.
ರಾದೊಯ್ ಎರಡು ಜೊತೆ ಉಣ್ಣೆಯ ಕಾಲುಚೀಲ ಏರಿಸಿ ಕೂತ,
ಎಲ್ಲಿಗೆ ಒಯ್ದರೂ ಬೇಕಾದೀತೆಂದು.
ಬಂದವನು ವೆಲಿಜಾರನೇ. ನಗುತ್ತಾ ಬಂದ,
ಕಂಕುಳಲ್ಲಿ ಪ್ಲಮ್ ಬ್ರಾಂದಿಯ ಶೀಸೆ.
"ಎಷ್ಟು ಚೆನ್ನಾಗಿ ಹಿಡಿದಿದ್ದೀಯಪ್ಪ
ನನಗಿಂತ ಮುಂಚಿನವನನ್ನು!
ಆ ಹಗ್ಗ, ಆ ಟೊಪ್ಪಿಗೆ... ಅವನೇ, ಥೇಟ್ ಅವನೇ.
ಶಾಲೆಯಲ್ಲಿ ಓದಿಸೋಣ.
ಒಂದೇ ಒಂದು ಸಾಲು ಬಿಟ್ಟು."

ಕೊನೆಯ ಸಾಲು:
*ಒಡ್ಡು ಅಗೆದ ಗುದ್ದಲಿಗೆ ಕಾವು ಹಾಕಿಕೊಟ್ಟವರು ನಾವೇ.*

"ಅವನನ್ನು ಬೈ. ಬೇಕಾದರೆ ನನ್ನನ್ನೇ ಬೈ.
ಜನರ ಮನಸ್ಸು ನೋಯಿಸಬೇಡ, ರಾದೊಯ್.
ನಮ್ಮ ಜನ ಒಳ್ಳೆಯವರು."
ಹಾಗೆನ್ನುವಾಗ ಅವನ ಕಣ್ಣು ಒದ್ದೆಯಾಯಿತು.
ನಿಜವಾಗಿಯೂ.

ರಾದೊಯ್ ನನ್ನ ಮುಖ ನೋಡಿದ.
ನಾನು ಚಿಮಟ ಎತ್ತಿಕೊಂಡೆ.
ಮೂವತ್ತೆಂಟು ಮೊಳೆ. ಒಂದೊಂದಾಗಿ ಕಿತ್ತು
ಅದರದರ ಗೂಡಿಗೆ ಹಾಕಿದೆ. ಖಾಲಿಯಾದ ಜಾಗಕ್ಕೆ
ಅಕ್ಷರವಿಲ್ಲದ ಸೀಸ ತುಂಬಿ ಬಿಗಿ ಮಾಡಿದೆ.
ಅಚ್ಚಾದ ಮೇಲೆ ಅಲ್ಲಿ ಬರೀ ಬಿಳಿ.
ಏನೋ ಕಳೆದಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಈಗ ಮಕ್ಕಳು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ.
ಹಗ್ಗದವನು ಯಾರು? ಅಂದರೆ
ಹಳಬನ ಹೆಸರು ಹೇಳಿ ಅಂಕ ಗಿಟ್ಟಿಸುತ್ತಾರೆ.
ರಾದೊಯ್‌ಗೆ ಮೂರನೆಯ ಮಹಡಿಯಲ್ಲಿ ಮನೆ,
ಕಿಟಕಿಯಿಂದ ಹೊಳೆ ಕಾಣುತ್ತದಂತೆ.
ಬರೆಯುತ್ತಿಲ್ಲ. ಬೆಚ್ಚಗಿದ್ದಾನೆ.

ನಿನ್ನೆ ರಾತ್ರಿ ಯಾರೋ ಬಾಗಿಲು ತಟ್ಟಿದರು,
ನಮ್ಮ ಗುದ್ದಲಿ ಕೇಳಿದರು.
ಯಾಕೆಂದು ಗೇನಾ ಕೇಳಲಿಲ್ಲ. ನಾನೂ.
ಮಂಜು ಕವಿದಿತ್ತು. ಹೊಳೆಯ ಕಡೆ ಒಂದು ಸದ್ದು,
ನಿಂತಿತು, ಮತ್ತೆ ಒಂದು.
ನಾನು ಮಗ್ಗುಲಾದೆ.

ಬೆಳಿಗ್ಗೆ ನೋಡಿದರೆ ಗುದ್ದಲಿ ಗೋಡೆಗೊರಗಿತ್ತು.
ತೊಳೆದಿದ್ದರು. ಎಷ್ಟೋ ದಿನದಿಂದ ಸಡಿಲಾಗಿದ್ದ ಕಾವನ್ನೂ
ಬಿಗಿ ಮಾಡಿಕೊಟ್ಟಿದ್ದರು.
ಪಕ್ಕದಲ್ಲಿ, ನಾನೇ ಅಚ್ಚು ಹಾಕಿದ ಕಾಗದದಲ್ಲಿ ಸುತ್ತಿದ
ಎರಡು ಮೀನು.
ಗೇನಾ ಎತ್ತಿ ಮೂಸಿದಳು.
ತಾಜಾ ಇದ್ದವು.