ಹತ್ತೊಂಬತ್ತು ಸೆಂಟ್

ಸುಂಟಿಕೊಪ್ಪದ ಪೇಟೆಯಲ್ಲಿ ನನ್ನದು ಗೊಬ್ಬರದಂಗಡಿ.
ಟೆರೇಸಿನ ಮೇಲೆ ಅಪ್ಪ ಇಟ್ಟುಹೋದ ಮಳೆಮಾಪಕ,
ತಾಮ್ರದ ಬಾಯಿ, ಒಂದು ಕಡೆ ನೆಗ್ಗಿದೆ.
ಬೆಳಿಗ್ಗೆ ಎಂಟೂವರೆಗೆ ಗಾಜಿಗೆ ಸುರಿದು
ಕಣ್ಣ ಮಟ್ಟಕ್ಕೆ ಹಿಡಿದು
ಇಂಚು, ಸೆಂಟ್, ಪುಸ್ತಕಕ್ಕೆ.
ಆಮೇಲೆ ಫೋನಿನಲ್ಲಿ ಇನ್ನೂರ ಹನ್ನೆರಡು ತೋಟದವರಿಗೆ.
ಮಳೆಯಿಲ್ಲದ ದಿನವೂ ಕಳಿಸುತ್ತೇನೆ: ಸೊನ್ನೆ.
ಸೊನ್ನೆಯೂ ಲೆಕ್ಕವೇ, ಎನ್ನುತ್ತಿದ್ದ ಅಪ್ಪ.

ಮೊದಲ ಸಂದೇಶ ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ.
ಮುಖವಿಲ್ಲದ ನಂಬರು.
"ಇವತ್ತು ಹತ್ತೊಂಬತ್ತು ಸೆಂಟ್ ಅಂತ ಬರೆದೆ.
ನನ್ನ ತಮ್ಮನ ವಯಸ್ಸು ನಿನಗೆ ಹೇಳಿದವರು ಯಾರು?"

ನಾನು, ಬುದ್ಧಿವಂತೆ, ಉತ್ತರ ಬರೆದೆ.
ಅರ್ಧ ಗಂಟೆ ಕೂತು: ಗಾಜು ಹೀಗಿರುತ್ತದೆ, ಗೆರೆ ಹೀಗೆ,
ಮಳೆ ಯಾರ ವಯಸ್ಸನ್ನೂ ಕೇಳಿ ಬೀಳುವುದಿಲ್ಲ.
ಬೆಳಗಾಗುವುದರೊಳಗೆ ನಲವತ್ತೊಂದು ಮರುತ್ತರ.
ನನ್ನ ಒಂದೊಂದು ಪದವೂ ಅವನ ಕೈಯಲ್ಲಿ ಸಾಕ್ಷಿ.
"ಕೇಳಿ ಬೀಳುವುದಿಲ್ಲ ಅಂದೆಯಲ್ಲ,
ಹಾಗಾದರೆ ಕೇಳದೆ ಬೀಳಿಸಿದವಳು ನೀನೇ."

ಆಮೇಲೆ ಸೊನ್ನೆಯ ದಿನಗಳಲ್ಲೇ ಹೆಚ್ಚು.
ಸೊನ್ನೆ ಒಂದು ಗುಂಡಿಯಂತೆ.
ದಿನಾ ಅದರೊಳಗೆ ಅವನನ್ನು ಹೂಳುತ್ತಿದ್ದೇನಂತೆ.
ಆ ವರ್ಷ ಗುಡ್ಡವನ್ನು ಹೆಸರು ಹಿಡಿದು ಕರೆದದ್ದು
ನನ್ನ ಪುಸ್ತಕವಂತೆ.
ಸೂಳೆ ಎಂದ. ಅಮ್ಮಾ ಎಂದ. ಒಂದೇ ಉಸಿರಿಗೆ.
ಸುಡುತ್ತೇನೆ ಎಂದ.
ಒಂದು ಬೆಳಿಗ್ಗೆ ಪದಗಳಿಲ್ಲ, ಬರೀ ಫೋಟೋ:
ನನ್ನ ಅಂಗಡಿಯ ಷಟರು, ಬೀಗ, ಬೀದಿದೀಪದ ಹಳದಿ.

ಅಂದಿನಿಂದ ಟೆರೇಸಿಗೆ ಒಬ್ಬಳೇ ಹತ್ತಿಲ್ಲ.
ಯೂರಿಯಾ ಮೂಟೆ ಇಳಿಸುವ ಮೊಯಿದು
ಏಣಿ ಹಿಡಿದು ನಿಲ್ಲುತ್ತಾನೆ, ಏನೂ ಕೇಳದೆ.

"ತಲೆ ಸರಿ ಇಲ್ಲದವನು ಮೇಡಂ, ಬಿಟ್ಟುಬಿಡಿ" ಎಂದ ಪೇದೆ.
ತೋಟದವರಿಗೆ ತಮಾಷೆ.
ಅವನ ಸಾಲುಗಳಿಗೆ ನಗುವ ಮುಖ ಅಂಟಿಸಿ ಹಂಚಿಕೊಂಡರು.
"ನಿಮ್ಮ ಅಭಿಮಾನಿ ಇವತ್ತೇನಂದ, ಜಲಜಾಕ್ಷಿ?"
ನಗು ನನಗೂ ಬಂದಿತ್ತು, ಒಮ್ಮೆ. ಮುಚ್ಚಿಡುವುದಿಲ್ಲ.

ತಲೆ ಸರಿ ಇಲ್ಲ ಎನ್ನಲು ನಾನು ಡಾಕ್ಟರಲ್ಲ.
ನನ್ನ ಚಿಕ್ಕಮ್ಮನಿಗೆ ಇತ್ತು ಅಂಥದೇನೋ.
ನಡುರಾತ್ರಿ ಬಾವಿಯಿಂದ ಸೇದಿ ಸೇದಿ
ಬಸಳೆಯ ಬುಡಕ್ಕೆ ಹುಯ್ಯುತ್ತಿದ್ದಳು, ಅದು ಕೊಳೆಯುವವರೆಗೆ.
ಯಾರ ಬೀಗದ ಫೋಟೋವನ್ನೂ ತೆಗೆಯಲಿಲ್ಲ ಅವಳು.
ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಿದರೆ
ಚಿಕ್ಕಮ್ಮ ಎಲ್ಲಿ ನಿಲ್ಲಬೇಕು?

ಜೆರಾಕ್ಸ್ ಮಾಡಿಸಿದೆ, ಎಪ್ಪತ್ತಾರು ಹಾಳೆ.
ಅಂಗಡಿಯ ಹುಡುಗ ಓದದವನಂತೆ ನಟಿಸಿದ,
ದುಡ್ಡು ಕಮ್ಮಿ ತೆಗೆದುಕೊಂಡ.
ದೂರು ಕೊಟ್ಟೆ. ರಸೀದಿ ಕೇಳಿ ಪಡೆದೆ.
ಆ ನಂಬರಿಗೆ ಬಾಗಿಲು ಹಾಕಿದೆ.

ಮೂರು ವಾರಕ್ಕೆ ಅವನ ಅಕ್ಕ ಬಂದಳು, ಮಾದಾಪುರದ ಬಸ್ಸಿಳಿದು.
ಗೊಬ್ಬರದಂಗಡಿಗೆ ಯಾರಾದರೂ ಚಪ್ಪಲಿ ಹೊರಗೆ ಬಿಡುತ್ತಾರೆಯೇ?
ಬಿಟ್ಟಳು. ರೋಹಿಣಿ ಅಂತ ಹೆಸರು.
ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಾಗಿತ್ತಂತೆ.
ಈಗ ಮಡಿಕೇರಿಯ ವಾರ್ಡಿನಲ್ಲಿದ್ದಾನೆ, ಊಟ ಮಾಡುತ್ತಿದ್ದಾನೆ.
"ದೂರನ್ನು ನೀವು..."
ಮುಗಿಸಲಿಲ್ಲ. ನಾನೂ ಮುಗಿಸಿಕೊಡಲಿಲ್ಲ.
ಕಾಫಿ ತರಿಸಿದೆ. ದೂರು ಇದ್ದಲ್ಲೇ ಇದೆ.
ಹೊರಟವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಳು.
"ಆವತ್ತು ನಿಮ್ಮ ಮಳೆ ಲೆಕ್ಕ ನೋಡಿಯೇ
ಇಷ್ಟಕ್ಕೆಲ್ಲ ಏನೂ ಆಗಲ್ಲ, ಮನೆಯಲ್ಲೇ ಇರು
ಅಂತ ತಮ್ಮನಿಗೆ ಫೋನಲ್ಲಿ ಹೇಳಿದವನು ಇವನೇ."

ಅವನ ಹೆಸರು ಈಗ ಗೊತ್ತು. ಇಲ್ಲಿ ಬರೆಯುವುದಿಲ್ಲ.
ಆ ದಿನದ ಪುಟ ತೆಗೆದು ನೋಡಿದೆ. ಅಂಕಿ ಸರಿಯಾಗಿಯೇ ಇದೆ.
ಸರಿಯಾಗಿಯೇ ಇದೆ ಎಂದು ಮತ್ತೆ ಮತ್ತೆ ನೋಡಿದೆ.

ನಿನ್ನೆ ಹೂಮಳೆ. ಇಡೀ ಊರು ಕಾದಿದ್ದ ಮಳೆ.
ಗಾಜಿನಲ್ಲಿ ಒಂದು ಇಂಚು ಹತ್ತೊಂಬತ್ತು.
ಮೊಯಿದುವಿಗೂ ತೋರಿಸಿದೆ. ಹತ್ತೊಂಬತ್ತೇ ಎಂದ.
ಪುಸ್ತಕದಲ್ಲಿ ಹಾಗೇ ಬರೆದೆ.
ಫೋನಿನಲ್ಲಿ ಬೆರಳು ತಡೆಯಿತು.
ಒಂದು ಇಂಚು ಇಪ್ಪತ್ತು ಸೆಂಟ್, ಎಂದು ಕಳಿಸಿದೆ
ಇನ್ನೂರ ಹನ್ನೆರಡು ಜನಕ್ಕೆ. ಅವನಿಗೆ ಅದು ತಲುಪುವುದಿಲ್ಲ.
ಐವತ್ತಮೂರು ವರ್ಷದಲ್ಲಿ ಈ ಟೆರೇಸಿನಿಂದ ಹೊರಟ ಮೊದಲ ಸುಳ್ಳು.

ಗಾಜು ಒರೆಸಿ ಬೋರಲು ಹಾಕಿದೆ.
"ಇಳೀರಿ ಅಕ್ಕ," ಎಂದ ಕೆಳಗಿನಿಂದ ಮೊಯಿದು,
"ಏಣಿ ಒದ್ದೆ ಉಂಟು."