ಅಲಸಂಡೆ ಸಾಲಿನ ಲೆಕ್ಕ

ಬ್ರಹ್ಮಾವರದ ಪ್ರಯೋಗದ ಗದ್ದೆಯಲ್ಲಿ ನನ್ನದು
ಕೋಡು ಎಣಿಸುವ ಕೆಲಸ. ದಿನಗೂಲಿ.
ಹಗ್ಗಕ್ಕೆ ಗೇಣಿಗೊಂದು ಗಂಟು, ಗಂಟಿಗೊಂದು ಬೀಜ,
ಪಕ್ಕದ ತುಂಡಿನಲ್ಲಿ ಮೊಳಕ್ಕೊಂದು,
ಆಚೆಯದರಲ್ಲಿ ನಾಲ್ಕು ಬೆರಳಿಗೇ ಒಂದು.
ಹಲಗೆಯ ಮೇಲೆ ಬಿತ್ತಿದ ತಾರೀಕು ಬರೆದವಳೂ ನಾನೇ,
ಇಬ್ಬನಿಗೆ ಅಳಿಸದ ಹಾಗೆ ಎರಡೆರಡು ಸಲ.

ಮೊಳ ದೂರದ ಗಿಡವೊಂದು, ಅಂಚಿನದು,
ಊಟ ಮುಗಿಸಿದ ಧಣಿಯ ಹಾಗೆ ಕೈಕಾಲು ಚಾಚಿ ಮಲಗಿತ್ತು.
ಮೂವತ್ತೆಂಟು ಕೋಡು!
ಕೂಗಿಯೇ ಬಿಟ್ಟೆ.
ಲೆಕ್ಕ ಬರೆಯುವ ಹುಡುಗಿ ಸಂಹಿತಾ ತಲೆ ಎತ್ತಲಿಲ್ಲ:
"ಗಿಡದ ಲೆಕ್ಕ ಬೇರೆ ಅಪ್ಪಿಯಕ್ಕ, ಗದ್ದೆಯ ಲೆಕ್ಕ ಬೇರೆ.
ನಡುವಿನ ಖಾಲಿ ಮಣ್ಣನ್ನೂ ತಕ್ಕಡಿಗೆ ಹಾಕಬೇಕು."

ಒತ್ತಾಗಿ ಬಿತ್ತಿದ್ದು ಸೊಂಟದ ತನಕ ಎದ್ದಿತ್ತು,
ಬರೀ ಎಲೆ. ಒಳಗೆ ಕೈ ಹಾಕಿದರೆ
ಕಪ್ಪು ಹೇನು, ಬಿಸಿಲು ಕಾಣದ ಹಳದಿ ತೊಟ್ಟು.
ಅವಸರದ ತುಂಡು ಕೆಸರಿನಲ್ಲೇ ಕೊಳೆತಿತ್ತು.
ಡಿಸೆಂಬರ್ ಕೊನೆಯದು
ಹೂ ಬಿಡುವಾಗ ಮಣ್ಣು ಬಿರಿದು
ಹೂವೆಲ್ಲ ನೆಲಕ್ಕೆ.
ಗೆದ್ದದ್ದು ಗೇಣಿನದು,
ಕಾಲಿಟ್ಟರೆ ಹೆಜ್ಜೆ ಮೂಡಿ, ಕೆಸರು ಅಂಟದ
ಆ ಆರೇಳು ದಿನಗಳಲ್ಲಿ ಬಿತ್ತಿದ್ದು.

ಆ ಆರೇಳು ದಿನ ನೀಲಾವರದ ನಮ್ಮ ನಲವತ್ತು ಸೆಂಟ್ಸಿನಲ್ಲಿ
ಭತ್ತ ಇನ್ನೂ ನಿಂತೇ ಇತ್ತು.
ಕಟಾವಿನ ಯಂತ್ರ ತೋಡು ದಾಟುವುದಿಲ್ಲವೆಂದು
ಡ್ರೈವರ್ ಎರಡು ಸಲ ವಾಪಸು ಹೋದ.
ಮೂರನೆಯ ಸಲ ಹಲಗೆ ಹಾಸಿದೆವು.
ಅಷ್ಟರಲ್ಲಿ ತಿಂಗಳೇ ದಾಟಿತ್ತು.

"ಇನ್ನು ಬಿತ್ತಿ ಉಪಯೋಗ ಉಂಟಾ?" ಕೇಳಿದೆ.
ಸಂಹಿತಾ ಪೆನ್ನು ಕಿವಿಗೆ ಸಿಕ್ಕಿಸಿದಳು:
"ತಡವಾದರೆ ಹತ್ತಿರ ಬಿತ್ತಿ.
ಹಬ್ಬಲಿಕ್ಕೆ ದಿನವೇ ಇಲ್ಲದ ಗಿಡಕ್ಕೆ
ಅಷ್ಟು ಜಾಗ ಬಿಟ್ಟು ಏನು ಮಾಡುವುದು?
ಒಂದೊಂದರಲ್ಲಿ ಕಡಿಮೆ ಬರುತ್ತದೆ. ಬರಲಿ."

ಬೈಗಿಗೆ ಮನೆಯ ಹಗ್ಗ ಬಿಚ್ಚಿ ಗಂಟು ಬದಲಿಸಿದೆ,
ಗೇಣಿಗೆ ಎರಡು ಬೆರಳು ಕಡಿಮೆ.
ಬೀಜದ ತಂಬಿಗೆ ಹಿಡಿದು
ಆ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು ಕೂಕ್ರ ಪೂಜಾರಿ.
ಮದುವೆಯ ದಿನ ನನಗೆ ನಲವತ್ತೊಂದು, ಅವರಿಗೆ ಐವತ್ತು.
ತೆಂಗಿನ ಗರಿಗಳ ನಡುವೆ ಬೆಳಕು ಸಣ್ಣದಾಗುತ್ತಿತ್ತು.

"ಇನ್ನೂ ಈಚೆ ಬನ್ನಿ" ಎಂದೆ.
"ಹಗ್ಗ ಸಡಿಲಾಗುತ್ತದಲ್ಲ ಮಾರಾಯ್ತಿ" ಎಂದರು.
"ಆಗಲಿ."
ಬಂದರು.
ಬೆರಳು ಊರಿ ನೋಡಿದೆ:
ಪಸೆ ಎರಡು ಗೆಣ್ಣು ಕೆಳಗೆ ಇನ್ನೂ ಇತ್ತು.